ಬಣ್ಣ ಹೋಯ್ತು, ನೀರು ಶುದ್ಧವಾಯ್ತಾ?

ಹೊಸ ಕೆಂಪು ಟವಲ್ ನೆನೆಸಿದರೆ ಬಕೆಟ್ ನೀರೆಲ್ಲ ಓಕುಳಿ. ಅದಕ್ಕೆ ಪಟಿಕ ಹಾಕಿ, ಸ್ವಲ್ಪ ತಿಳಿಯಾದ ಕೂಡಲೇ ‘ಶುದ್ಧವಾಯ್ತು’ ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಬಣ್ಣ ಎಲ್ಲಿಗೆ ಹೋಯಿತು? ತಳದ ಕೆಸರಿಗೆ. ಇದ್ದಿಲಲ್ಲಿ ಸೋಸಿದರೆ ಇದ್ದಿಲಿಗೆ. ನಮ್ಮನೆ ಕಸವನ್ನು ಪಕ್ಕದ ಮನೆ ಬಾಗಿಲಿಗೆ ಗುಡಿಸಿದ ಹಾಗೆ.

ಮುರಿಯಬೇಕಾದ್ದು ಬಣ್ಣದ ಅಣುವನ್ನೇ. ಗೋಡೆಯ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್‌ಗೆ ಆ ಕೆಲಸ ಬರುತ್ತದೆ. ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ, ಅಟ್ಟಕ್ಕೆ ಹಾರುತ್ತದೆ ಅನ್ನಿ. ಅಟ್ಟದ ಎತ್ತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಅಳತೆ). ಹತ್ತಿಸೋಕೆ ನೇರಳಾತೀತ ಬೆಳಕೇ ಬೇಕು. ಬಿಸಿಲಿನಲ್ಲಿ ಅದು ನೂರಕ್ಕೆ ಐದು ಪಾಲಷ್ಟೇ. ಕೆಳಗೆ ಜಾಗ ಖಾಲಿ ಉಳಿಯಿತಲ್ಲ, ಮಜಾ ಇರೋದು ಅಲ್ಲಿ. ಸಂಜೆಯ ಮಂಡ್ಯ ಬಸ್ಸಿನಲ್ಲಿ ಸೀಟು ಖಾಲಿಯಾದರೆ ಸುಮ್ನೆ ಬಿಡ್ತಾರಾ? ಪಕ್ಕದ ನೀರಿನಿಂದ ಒಂದು ಎಲೆಕ್ಟ್ರಾನ್ ಬಂದು ಕೂರುತ್ತದೆ. ಅದನ್ನು ಕಳಕೊಂಡ ನೀರಿನಿಂದ, ಎಲೆಕ್ಟ್ರಾನಿಗಾಗಿ ಹಸಿದ ಅಣುಚೂರು, ಅಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಚಾಮುಂಡಿ ಬೆಟ್ಟದ ಕೋತಿ. ಬಣ್ಣದ ಅಣುವಿನ ಮೇಲೆ ಹಾರಿ ಪರಚಿ ಹರಿದುಹಾಕುತ್ತದೆ. ಆದರೆ ಅಟ್ಟದ ಎಲೆಕ್ಟ್ರಾನ್ ಅಷ್ಟರಲ್ಲೇ ವಾಪಸ್ ಬಿದ್ದರೆ ಎಲ್ಲ ಬರೀ ಬಿಸಿಯಾಗಿ ದಂಡ.

ಅದಕ್ಕೇ ಕಣ ಚಿಕ್ಕದಿರಬೇಕು, ಮೇಲ್ಮೈ ಹತ್ತಿರವಿರಬೇಕು. ಒಂದು ಸೆಂಟಿಮೀಟರ್ ಘನವನ್ನು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಮೈಸೂರಿನಲ್ಲಿ ಐದು 30-40 ಸೈಟು!

ಇಷ್ಟು ನುಣ್ಣನೆಯ ಪುಡಿ ಮಾಡೋದು ಹೇಗೆ? ಒಂದು ದಾರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. 1988ರಲ್ಲಿ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿಯ ಕುಲುಮೆಗಿಟ್ಟು ಅಲ್ಯೂಮಿನಾ ಪುಡಿ ಮಾಡಿದ್ದನ್ನು ಪ್ರಕಟಿಸಿದರು. ಮಿಶ್ರಣ ಭಗ್ಗನೆ ಹೊತ್ತಿ, ನಿಮಿಷಗಳಲ್ಲಿ ಬುರುಗಿನಂಥ ಪುಡಿ. ಅದೇ ಯೂರಿಯಾ, ಮಂಡ್ಯದ ರೈತರು ಕಬ್ಬಿಗೆ ಹಾಕೋದು! ಬೆಳಕಿನಲ್ಲಿ ಇದೇ ಕೋತಿಯಾಟ ಆಡಿಸುವ ಸತುವಿನ ಆಕ್ಸೈಡನ್ನೂ ಈಗ ಹೀಗೆ ಮಾಡುತ್ತಾರೆ.

ಮಾನಸಗಂಗೋತ್ರಿಯಲ್ಲಿ ಗೆಳೆಯನೊಬ್ಬ ಮಿಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಬೀಕರಿಗೆ ಆ ಸತುವಿನ ಪುಡಿ ಹಾಕಿ ಮೊದಲು ಅರ್ಧ ಗಂಟೆ ಕತ್ತಲಲ್ಲಿಟ್ಟ. ‘ಬಿಸಿಲಿಗೆ ಇಡೋದು ಬಿಟ್ಟು ಇದೇನಯ್ಯ?’ ಅಂದೆ. ಎಷ್ಟು ಬಣ್ಣ ಪುಡಿಗೆ ಸುಮ್ನೆ ಅಂಟುತ್ತೆ ಅಂತ ಮೊದಲೇ ತಿಳಿಯಬೇಕಂತೆ. ಇನ್ನೊಂದು ಸೀಸೆಯಲ್ಲಿ ಅದೇ ನೀಲಿಗೆ ಗ್ಲೂಕೋಸ್, ಕಾಸ್ಟಿಕ್ ಸೋಡಾ ಬೆರೆಸಿಟ್ಟ. ಸ್ವಲ್ಪ ಹೊತ್ತಿಗೆ ನೀರು ಬಣ್ಣವೇ ಇಲ್ಲದಂತಾಯಿತು. ‘ಶುದ್ಧ ಅಲ್ವಾ?’ ಅಂತ ಸೀಸೆ ಅಲ್ಲಾಡಿಸಿದ. ಗಾಳಿ ಸೇರಿ ಮತ್ತೆ ಪೂರ್ತಿ ನೀಲಿ. ಬಣ್ಣ ಅಡಗಿತ್ತಷ್ಟೇ, ಅಣು ಮುರಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಸಿಲಿನ ಬೀಕರೂ ತಿಳಿಯಾಯಿತು. ನಾನು ಚಪ್ಪಾಳೆ ತಟ್ಟೋಕೆ ಹೋದೆ. ‘ತಡಿ, ಹರಿದ ಅಣುವಿನ ಚೂರುಗಳಲ್ಲಿರೋ ಕಾರ್ಬನ್ ನೀರಲ್ಲಿ ಎಷ್ಟು ಉಳಿದಿದೆ ನೋಡ್ಬೇಕು’ ಅಂತ ಸ್ಯಾಂಪಲ್ ಎತ್ತಿಕೊಂಡು ಹೋದ.