ಏಣಿಯಿಂದ ಬಿದ್ದವರಿಗೆ ಪರಿಹಾರ: ‘ತಪ್ಪು ಅವನದೇ’ ಎಂದರೆ ಹಕ್ಕು ಹೋಗುವುದೇ?

ಪ್ರಶ್ನೆ: ಸಿದ್ದಾಪುರದ ಬಳಿಯ ತೋಟದಲ್ಲಿ ಕರಿಮೆಣಸು ಕುಯ್ಯುವಾಗ ನನ್ನ ಅಣ್ಣ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾನೆ. ಏಣಿಯನ್ನು ಅವನೇ ಸರಿಯಾಗಿ ಊರಿರಲಿಲ್ಲ, ಹಾಗಾಗಿ ಪರಿಹಾರವಿಲ್ಲ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಮೆಣಸಿನ ಕುಯ್ಲು ಶುರುವಾದಾಗ ಒಮ್ಮೆ, ಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಇನ್ನೊಮ್ಮೆ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಈ ತಪ್ಪು ನಂಬಿಕೆ ಅಳಿದಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ, 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಅಪಘಾತ ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆಯಿತೇ? ಮಾಲೀಕರ ತಪ್ಪನ್ನು ಕಾರ್ಮಿಕ ಸಾಬೀತು ಮಾಡಬೇಕಿಲ್ಲ, ಕಾರ್ಮಿಕನ ಅಜಾಗರೂಕತೆಯನ್ನು ತೋರಿಸಿ ಮಾಲೀಕರು ಹೊಣೆಯಿಂದ ಪಾರಾಗಲೂ ಆಗದು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಒದ್ದೆ ನೆಲದಲ್ಲಿ ಜಾರುವುದು ಆ ಕೆಲಸದಲ್ಲೇ ಅಡಗಿರುವ ಅಪಾಯ.

ವಿನಾಯಿತಿಗಳಿಲ್ಲವೆಂದಲ್ಲ. ಕುಡಿದ ಅಮಲೇ ನೇರ ಕಾರಣವಾಗಿದ್ದರೆ, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಅಥವಾ ರಕ್ಷಣಾ ಸಾಧನವನ್ನು ತಿಳಿದೂ ತಿಳಿದೂ ತೆಗೆದಿದ್ದರೆ ಪರಿಹಾರ ತಪ್ಪಬಹುದು. ಆದರೆ ‘ಬೇಕೆಂದೇ’ ಎನ್ನುವುದಕ್ಕೂ ಏಣಿ ಊರುವಾಗ ಆದ ಎಡವಟ್ಟಿಗೂ ಅಜಗಜಾಂತರವಿದೆ. ಕೊಡದೇ ಇದ್ದ ಬೆಲ್ಟ್ ಕಟ್ಟಿಕೊಳ್ಳಲಿಲ್ಲವೆಂದು ದೂರಿದರೆ ನಿಲ್ಲುವುದಿಲ್ಲ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರಂತೂ ಈ ಮೂರೂ ವಿನಾಯಿತಿಗಳು ಅನ್ವಯಿಸುವುದೇ ಇಲ್ಲ.

ಹಕ್ಕನ್ನು ನಿಜವಾಗಿ ಕೆಡಿಸುವುದು ಬೇರೆಯೇ ಇದೆ. ಆಸ್ಪತ್ರೆಗೆ ಕರೆದೊಯ್ದವರು ಪೊಲೀಸರ ತಂಟೆಯೇಕೆಂದು ‘ಮನೆಯಲ್ಲಿ ಜಾರಿ ಬಿದ್ದರು’ ಎಂದು ಬರೆಸಿಬಿಡುತ್ತಾರೆ. ಆ ಒಂದು ಸಾಲನ್ನು ಸುಳ್ಳೆಂದು ತೋರಿಸಲು ಆಮೇಲೆ ವರ್ಷಗಟ್ಟಲೆ ಹೆಣಗಬೇಕಾಗುತ್ತದೆ. ತೋಟ ಯಾವುದು, ಕೆಲಸ ಯಾವುದು, ಎಷ್ಟು ಹೊತ್ತಿಗೆ ಬಿದ್ದದ್ದು ಎಂಬುದನ್ನು ದಯವಿಟ್ಟು ಮೊದಲ ಚೀಟಿಯಲ್ಲೇ ಬರೆಸಿ. ಮಾಲೀಕರಿಗೆ ಲಿಖಿತ ನೋಟಿಸ್ ಕೊಡಿ. ಪರಿಹಾರದ ಅರ್ಜಿಗೆ ಎರಡು ವರ್ಷಗಳ ಅವಧಿಯಿದೆ.

ಮೊತ್ತವೆಷ್ಟು? ಚಿಕಿತ್ಸೆಯ ನಿಜವಾದ ಖರ್ಚು ಬೇರೆಯೇ ಸಿಗಬೇಕು. ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ಶೇ. 60 ಅನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು: 40 ವರ್ಷದವರ ಗುಣಕ 184.17, ಕೂಲಿ 12,000 ರೂಪಾಯಿ ಎಂದಾದರೆ 13,26,024 ರೂಪಾಯಿ. ದುಡಿಯುವ ಶಕ್ತಿ ಶೇ. 20ರಷ್ಟು ಕುಂದಿದೆ ಎಂದು ತೀರ್ಮಾನವಾದರೆ ಇದರ ಐದನೇ ಒಂದು ಪಾಲು, ಅಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಹತ್ತು ಸಾವಿರ ಕೈಗಿತ್ತು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಈ ಲೆಕ್ಕವನ್ನು ಹೇಳುವುದಿಲ್ಲ. ಹಕ್ಕನ್ನು ಬಿಟ್ಟುಕೊಟ್ಟೆನೆಂಬ ಅಂಥ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಅಸ್ಸಾಮಿನಿಂದಲೋ ಪಕ್ಕದ ಆದಿವಾಸಿ ಹಾಡಿಯಿಂದಲೋ ಮೇಸ್ತ್ರಿ ಕರೆತಂದ ಆಳು ಬಿದ್ದರೆ ‘ಮೇಸ್ತ್ರಿಯನ್ನು ಕೇಳಿ’ ಎಂದು ತೋಟದವರು ಕೈತೊಳೆದುಕೊಳ್ಳುವುದುಂಟು. ಮೆಣಸು ಕುಯ್ಯುವುದು, ಮರಗಸಿ ಮಾಡುವುದು ತೋಟದ ಮಾಮೂಲಿ ಕೆಲಸವೇ ಆದ್ದರಿಂದ ಪರಿಹಾರವನ್ನು ತೋಟದ ಮಾಲೀಕರಿಂದಲೇ ಕೇಳಬಹುದು. ಕೊಟ್ಟದ್ದನ್ನು ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳುವುದು ಮಾಲೀಕರಿಗೆ ಬಿಟ್ಟದ್ದು. ನಾಲ್ಕೈದು ಎಕರೆಯ ಸಣ್ಣ ಬೆಳೆಗಾರರಿಗೆ ಇದು ಹೊರಲಾರದ ಹೊರೆಯಾದೀತು; ಅಂಥವರು ಆಳುಗಳನ್ನು ಮರ ಹತ್ತಿಸುವ ಮೊದಲೇ ಕಾರ್ಮಿಕ ಪರಿಹಾರದ ವಿಮೆ ಮಾಡಿಸಿಡಬೇಕು.