ಟಿಪ್ಪರ್ ಜಾಕ್‌ನಲ್ಲಿ ದಪ್ಪ ಕೊಳವೆಯೇ ಮೊದಲು ಹೊರಬರುವುದೇಕೆ?

ಜಲ್ಲಿ ತುಂಬಿದ ಟಿಪ್ಪರ್‌ನ ಬಾಡಿ ಆರಂಭದಲ್ಲಿ ನಿಧಾನವಾಗಿಯೂ ಮೇಲೇರಿದಂತೆ ಚುರುಕಾಗಿಯೂ ಏಳುವುದನ್ನು ಹಲವರು ಗಮನಿಸಿರಬಹುದು. ಚಾಲಕರು ಜಾಕ್ ಎಂದೇ ಕರೆಯುವ ಟೆಲಿಸ್ಕೋಪಿಕ್ ಹೈಡ್ರಾಲಿಕ್ ಸಿಲಿಂಡರ್‌ನಲ್ಲಿ ಒಂದರೊಳಗೊಂದು ಸೇರಿಕೊಂಡ ಮೂರರಿಂದ ಐದು ಕೊಳವೆಗಳಿರುತ್ತವೆ. ಇವುಗಳಲ್ಲಿ ಮೊದಲು ಯಾವುದು ಹೊರಬರಬೇಕೆಂದು ನಿರ್ಧರಿಸಲು ಪ್ರತ್ಯೇಕ ವಾಲ್ವ್ ಏನೂ ಬೇಕಿಲ್ಲ. ಆಯಿಲ್‌ನ ಒತ್ತಡ ಎಲ್ಲ ಕಡೆಗೂ ಸಮನಾಗಿರುವುದರಿಂದ, ಹೆಚ್ಚು ವಿಸ್ತೀರ್ಣವುಳ್ಳ ದಪ್ಪ ಕೊಳವೆ ಕಡಿಮೆ ಒತ್ತಡದಲ್ಲೇ ಭಾರವನ್ನು ಎತ್ತಿ ಮೊದಲು ಹೊರಡುತ್ತದೆ.

ಒಂದು ಲೆಕ್ಕ ನೋಡೋಣ. 150 ಬಾರ್ ಒತ್ತಡದಲ್ಲಿ 150 ಮಿ.ಮೀ. ವ್ಯಾಸದ ಕೊಳವೆ ಸುಮಾರು 27 ಟನ್ ಬಲ ಕೊಟ್ಟರೆ, 90 ಮಿ.ಮೀ. ಕೊಳವೆ ಕೊಡುವುದು 10 ಟನ್‌ಗೂ ತುಸು ಕಡಿಮೆ. ಆದರೆ ಪಂಪ್ ನಿಮಿಷಕ್ಕೆ 60 ಲೀಟರ್ ಆಯಿಲ್ ತಳ್ಳುತ್ತಿದ್ದರೆ, ದಪ್ಪ ಕೊಳವೆ ಸೆಕೆಂಡಿಗೆ ಸುಮಾರು 5.7 ಸೆಂ.ಮೀ. ಸರಿಯುವಲ್ಲಿ ಸಣ್ಣದು 15.7 ಸೆಂ.ಮೀ. ಸರಿಯುತ್ತದೆ. ಬಾಡಿ ತುಂಬಿ ಮಲಗಿರುವಾಗಲೇ ಅತಿ ಹೆಚ್ಚು ಬಲ ಬೇಕು. ಅದು ಏಳುತ್ತಿದ್ದಂತೆ ಭಾರದ ಕೇಂದ್ರ, ಬಾಡಿ ತಿರುಗುವ ಕೀಲಾದ ಹಿಂದಿನ ಹಿಂಜ್ ಪಿನ್‌ನತ್ತ ಸರಿಯುತ್ತದೆ, ಸರಕೂ ಜಾರತೊಡಗುತ್ತದೆ. ಅಗತ್ಯ ಕುಗ್ಗುವ ಕ್ರಮಕ್ಕೆ ಬಲ ಕುಗ್ಗುವ ಕ್ರಮ ಇಷ್ಟು ಚೆನ್ನಾಗಿ ಹೊಂದುವುದು ನನಗೆ ಇಂದಿಗೂ ಸೊಗಸೆನಿಸುತ್ತದೆ.

ಜಾಗದ ಉಳಿತಾಯವಂತೂ ಸ್ಪಷ್ಟ. 4 ಮೀಟರ್ ಚಾಚಬೇಕಾದ ಸಾಮಾನ್ಯ ಸಿಲಿಂಡರ್ ಮುಚ್ಚಿದಾಗಲೂ 4 ಮೀಟರ್‌ಗಿಂತ ಉದ್ದವಿರಬೇಕಾಗುತ್ತದೆ. ನಾಲ್ಕು ಹಂತದ ಜಾಕ್ ಒಂದೂಕಾಲು ಮೀಟರ್ ಆಸುಪಾಸಿನಲ್ಲಿ ಮಡಚಿಕೊಂಡು ಕ್ಯಾಬಿನ್ನಿನ ಹಿಂದೆ ನಿಲ್ಲುತ್ತದೆ.

ಆದರೆ ಜಾಕ್ ನೇರವಾಗಿ ತಳ್ಳಲು ಇರುವ ಸಾಧನವೇ ಹೊರತು ಬಾಡಿಯನ್ನು ಅಡ್ಡಕ್ಕೆ ವಾಲದಂತೆ ಹಿಡಿಯುವ ಕಂಬವಲ್ಲ. ಪೂರ್ತಿ ಚಾಚಿದಾಗ ಕೊಳವೆಗಳು ಒಂದರೊಳಗೊಂದು ಉಳಿದಿರುವುದು ಸ್ವಲ್ಪ ಉದ್ದ ಮಾತ್ರ. ಆಗ ನೆಲ ಓರೆಯಾಗಿದ್ದರೆ, ಅಥವಾ ಒದ್ದೆ ಎಂ-ಸ್ಯಾಂಡ್ ಒಂದೇ ಬದಿಗೆ ಅಂಟಿಕೊಂಡಿದ್ದರೆ, ಅಡ್ಡ ಒತ್ತಡವೆಲ್ಲ ಕೊಳವೆಗಳ ನಡುವೆ ಆಧಾರವಾಗಿರುವ ಬಳೆಗಳಾದ ಬುಷ್‌ಗಳ ಮೇಲೆ ಬೀಳುತ್ತದೆ. ಬುಷ್ ಒಂದು ಕಡೆ ಸವೆಯುತ್ತದೆ, ಆಯಿಲ್ ಸೋರದಂತೆ ತಡೆಯುವ ಸೀಲ್ ಹರಿಯುತ್ತದೆ, ಆಯಿಲ್ ಒಸರುತ್ತದೆ. ಸೀಲ್ ಬದಲಿಸಿ ತಿಂಗಳಾಗುವಷ್ಟರಲ್ಲೇ ಮತ್ತೆ ಸೋರುತ್ತಿದೆ ಎಂದು ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಜಾಕನ್ನಲ್ಲ, ಹಿಂದಿನ ಹಿಂಜ್ ಪಿನ್‌ಗಳನ್ನು. ಅವು ಸವೆದು ಬಾಡಿ ಅಲುಗಾಡುತ್ತಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಬಾಳಿಕೆ ಬರುವುದಿಲ್ಲ. ಆ ತಪಾಸಣೆಗೆ ಬಾಡಿ ಎತ್ತಿದಾಗ, ಅದರ ಕೆಳಗೆ ಕೈ ಹಾಕುವ ಮುನ್ನ ಗಟ್ಟಿಯಾದ ಊರುಗಂಬ ಕೊಟ್ಟಿರಲೇಬೇಕು. ಏಕೆಂದರೆ ಈ ಜಾಕ್‌ಗಳಲ್ಲಿ ಬಹುಪಾಲು ಬಾಡಿಯ ತೂಕದಿಂದಲೇ ಕೆಳಗಿಳಿಯುವಂಥವು, ಆಯಿಲ್ ಹೊರಹೋಗಲು ದಾರಿ ಸಿಕ್ಕ ಕ್ಷಣವೇ ಇಳಿಯತೊಡಗುತ್ತವೆ.