ಇಸಿಜಿ ನೆಟ್ಟಗಾಯಿತು, ಹೃದಯ?

"ಎದಿ ಡವಡವ ಅಂತಿತ್ತು, ಗುಳಿಗಿ ತಗೊಂಡೆ, ಇಸಿಜಿ ನಾರ್ಮಲ್ ಬಂತು." ಹುಬ್ಬಳ್ಳಿಯಲ್ಲಿ ಹೃದಯದ ಡಾಕ್ಟರ ಹತ್ತಿರ ಪಾಳಿ ಹಚ್ಚಿದವರ ಮಾತು ಹೀಗೇ ಇರುತ್ತದೆ. ಗೆರೆ ಸರಿಯಾದರೆ ಎಲ್ಲ ಸರಿಯಾಯಿತು ಅಂತ ಲೆಕ್ಕ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಡಾಕ್ಟರುಗಳ ಲೆಕ್ಕವೂ ಇದೇ ಆಗಿತ್ತು.

ಹಾರ್ಟ್ ಅಟ್ಯಾಕ್ ಆಗಿ ಬದುಕಿದವರಲ್ಲಿ ನಡುನಡುವೆ ಹೆಚ್ಚುವರಿ ಬಡಿತ ಬರುತ್ತಿರುತ್ತವೆ. ಅವು ಜಾಸ್ತಿ ಇದ್ದವರಲ್ಲಿ ದಿಢೀರ್ ಸಾವೂ ಜಾಸ್ತಿ. ಹಾಗಾದರೆ ಆ ಬಡಿತ ಅಡಗಿಸಿದರೆ ಆಯಿತು, ಅಲ್ವಾ? ಎನ್‌ಕೈನೈಡ್, ಫ್ಲೆಕೈನೈಡ್ ಗುಳಿಗೆಗಳು ಚೆನ್ನಾಗಿ ಅಡಗಿಸುತ್ತಿದ್ದವು. 'ಕಾಸ್ಟ್' ಎಂಬ ಪ್ರಯೋಗದಲ್ಲಿ ಇವನ್ನು 755 ಜನರಿಗೆ, ಔಷಧವಿಲ್ಲದ ಗುಳಿಗೆಯನ್ನು 743 ಜನರಿಗೆ ಕೊಟ್ಟರು. ಸರಾಸರಿ 10 ತಿಂಗಳಲ್ಲಿ ಔಷಧ ನುಂಗಿದವರಲ್ಲಿ 63 ಸಾವು, ಉಳಿದವರಲ್ಲಿ 26. 1989ರಲ್ಲಿ ಪ್ರಯೋಗದಲ್ಲಿ ಆ ಎರಡೂ ಗುಳಿಗೆ ಕೊಡುವುದನ್ನು ನಿಲ್ಲಿಸಿದರು. ಔಷಧದಿಂದ ಬಡಿತ ಅಡಗಿದೆ ಎಂದು ಖಾತ್ರಿಯಾದವರನ್ನೇ ಈ ಹೋಲಿಕೆಗೆ ಆರಿಸಿದ್ದರು ನೋಡಿ! ಅಂದರೆ ಇಸಿಜಿ ಸುಧಾರಿಸಿತ್ತು, ಮನುಷ್ಯರು ಸತ್ತರು.

ಯಾಕೆ? ಹಳೇ ಅಟ್ಯಾಕ್ ಹೃದಯದಲ್ಲಿ ಗಾಯದ ಕಲೆ ಬಿಟ್ಟಿರುತ್ತದೆ. ವಿದ್ಯುತ್ ಸಂದೇಶ ಅದನ್ನು ಸುತ್ತಿಕೊಂಡು ಹೋಗಬೇಕು. ಚೆನ್ನಮ್ಮ ಸರ್ಕಲ್ ನೆನಪಿಸಿಕೊಳ್ಳಿ. ಬೈಕು ಜೋರಾಗಿ ಸುತ್ತಿ ಹೊರಟಲ್ಲಿಗೇ ಬಂದರೆ ಸಿಗ್ನಲ್ ಇನ್ನೂ ಕೆಂಪು, ನಿಲ್ಲಲೇಬೇಕು. ನಿಧಾನವಾಗಿ ಬಂದರೆ ಅಷ್ಟರಲ್ಲಿ ಹಸಿರು, ಇನ್ನೊಂದು ಸುತ್ತು. ಮತ್ತೆ ಹಸಿರು, ಮತ್ತೆ ಸುತ್ತು. ಹೃದಯದ ಸ್ನಾಯುವಿಗೂ ಪ್ರತಿ ಬಡಿತದ ಮೇಲೆ ಒಂದು ಕ್ಷಣ ಹೀಗೆ ಕೆಂಪು ದೀಪ ಇರುತ್ತದೆ. ಈ ಔಷಧಗಳು ಜೀವಕೋಶದೊಳಕ್ಕೆ ಸೋಡಿಯಂ ನುಗ್ಗುವುದನ್ನು ತಡೆದು ಸಂದೇಶವನ್ನು ನಿಧಾನ ಮಾಡುತ್ತವೆ. ಬಿಡಿ ಬಡಿತ ಹುಟ್ಟುವುದು ಕಡಿಮೆಯಾಗುತ್ತದೆ, ನಿಜ. ಆದರೆ ಹುಟ್ಟಿದ ಒಂದೇ ಒಂದು ಬಡಿತ ಕಲೆಯ ಸುತ್ತ ಗಿರಕಿ ಹೊಡೆಯತೊಡಗಿದರೆ ಆ ಗಿರಕಿ ನಿಲ್ಲದೇ ಹೋಗಿ ಜೀವಕ್ಕೇ ಎರವಾಗಬಹುದು. ಕಲೆಯಿಲ್ಲದ ಗಟ್ಟಿ ಹೃದಯದವರಿಗೆ ಫ್ಲೆಕೈನೈಡ್ ಈಗಲೂ ಕೊಡುತ್ತಾರೆ.

ಬಡಿತ ಹದಕ್ಕೆ ತರಲು ಕೊಡುವ ಇನ್ನೊಂದು ಗುಳಿಗೆ ಸೋಟಲಾಲ್, ಅದರದು ಬೇರೆ ದಾರಿ. ಅದು ಪೊಟ್ಯಾಸಿಯಂ ಹೊರಹೋಗುವುದನ್ನು ತಡೆಯುತ್ತದೆ. ಆಗ ಇಸಿಜಿಯಲ್ಲಿ ಕ್ಯೂಟಿ ಎಂಬ ಭಾಗ, ಅಂದರೆ ಹೃದಯ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು, ಉದ್ದವಾಗುತ್ತದೆ. ತೀರಾ ಉದ್ದವಾದರೆ ಜೀವ ತೆಗೆಯುವ ಬೇರೊಂದು ಬಗೆಯ ತಾಳತಪ್ಪಿದ ಬಡಿತದ ಓಟ ಶುರುವಾಗಬಹುದು. ಫ್ರಾನ್ಸಿನ ಡಾಕ್ಟರ್ ದೆಸೆರ್ತೆನ್ 1966ರಲ್ಲೇ ಇದನ್ನು ವಿವರಿಸಿದ್ದರು.

ನನಗೆ ಸಿಟ್ಟು ಬರುವುದು ಇಲ್ಲಿ. ಬೇಸಿಗೆಯಲ್ಲಿ ಗದಗಿನ ಕಡೆ ಯಾರಿಗೋ ವಾಂತಿ-ಭೇದಿ ಆಗುತ್ತದೆ. ಮೈಯಲ್ಲಿನ ಪೊಟ್ಯಾಸಿಯಂ ಇಳಿಯುತ್ತದೆ, ಕ್ಯೂಟಿ ಉದ್ದವಾಗಲು ಅದೇ ಸಾಕು. ಮೇಲೆ ಡಾಕ್ಟರ ಚೀಟಿಯಿಲ್ಲದೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್, ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ತರುತ್ತಾರೆ. ಎರಡೂ ಕ್ಯೂಟಿ ಉದ್ದ ಮಾಡಬಲ್ಲವು. ಸೋಟಲಾಲ್ ನುಂಗುತ್ತಿದ್ದೀರಾ ಅಂತ ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಹಾಗಂತ ಹೆದರಿ ಸೋಟಲಾಲನ್ನು ತಾವೇ ದಿಢೀರ್ ಬಿಡುವಂತೆಯೂ ಇಲ್ಲ. ಅದು ಬೀಟಾ ಬ್ಲಾಕರ್, ಅಂದರೆ ಹೃದಯದ ವೇಗ ತಗ್ಗಿಸುವ ಔಷಧ ಕೂಡ ಹೌದು, ಒಮ್ಮೆಲೇ ಬಿಟ್ಟರೆ ಎದೆನೋವು, ಅಟ್ಯಾಕ್ ಬರಬಹುದು.